ಹೆಬ್ಬೆಟ್ಟಿನ ಚರಿತ್ರೆ: ಜಂಗೀಪುರದ ಮಸಿಯಿಂದ ಪಾರದರ್ಶಕ ಗಾಜಿನವರೆಗೆ

ನಮ್ಮ ನುಡಿಯಲ್ಲಿ ‘ಹೆಬ್ಬೆಟ್ಟು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು, ಕೈಯ ದಪ್ಪ ಬೆರಳು. ಇನ್ನೊಂದು, ಓದುಬರಹ ಬಾರದ ಮನುಷ್ಯ. “ಅವನು ಹೆಬ್ಬೆಟ್ಟು” ಎಂದರೆ ಅದೊಂದು ಹೀಯಾಳಿಕೆ. 1990ರ ಆಸುಪಾಸಿನಲ್ಲಿ ಸಾಕ್ಷರತಾ ಆಂದೋಲನ ನಡೆದಾಗ ನಾವು ಅಧ್ಯಾಪಕರು ಸಂಜೆಯ ಹೊತ್ತು ಲಾಂದ್ರದ ಬೆಳಕಿನಲ್ಲಿ ಹಿರಿಯರ ಕೈ ಹಿಡಿದು ಹೆಸರು ಬರೆಯಲು ಕಲಿಸುತ್ತಿದ್ದುದು ಈ ಹೀಯಾಳಿಕೆಯಿಂದ ಅವರನ್ನು ಬಿಡಿಸುವುದಕ್ಕಾಗಿಯೇ. ಮಸಿಯ ಡಬ್ಬಿಯನ್ನು ದೂರ ಸರಿಸಿ ಮೊದಲ ಬಾರಿಗೆ ರುಜು ಹಾಕಿದ ಅಜ್ಜಿಯರ ಮುಖದ ಸಂತೋಷವನ್ನು ನಾನು ಮರೆತಿಲ್ಲ. ಆದರೆ ಕಾಲದ ವಿನೋದವನ್ನು ನೋಡಿರಿ. ಇಂದು ಎಂಜಿನಿಯರುಗಳಾದ ನನ್ನ ಶಿಷ್ಯರೂ ಡಾಕ್ಟರುಗಳಾದ ನನ್ನ ಬಂಧುಗಳೂ ದಿನಕ್ಕೆ ಹತ್ತಾರು ಸಲ ಗಾಜಿನ ಮೇಲೆ ಹೆಬ್ಬೆಟ್ಟು ಒತ್ತುತ್ತಾರೆ!

ಹಳೆಯ ವಿದ್ಯಾರ್ಥಿಯೊಬ್ಬರು ಇತ್ತೀಚೆಗೆ ಪತ್ರ ಬರೆದು, “ಸರ್, ಫೋನಿನ ಪರದೆಯ ಮೇಲೆ ಬೆರಳಿಟ್ಟರೆ ಅದು ತೆರೆದುಕೊಳ್ಳುತ್ತದೆ. ಅಲ್ಲಿ ಗುಂಡಿಯಿಲ್ಲ, ಕಿಂಡಿಯಿಲ್ಲ. ನೋಡುವ ಕಣ್ಣು ಎಲ್ಲಿದೆ?” ಎಂದು ಕೇಳಿದ್ದಾರೆ. ಪ್ರಶ್ನೆ ಚೆನ್ನಾಗಿದೆ. ಆದರೆ ಗಣಿತದ ಮೇಷ್ಟ್ರಾದ ನನಗೆ ಯಾವುದನ್ನೂ ನಡುವಿನಿಂದ ಹೇಳಿ ಅಭ್ಯಾಸವಿಲ್ಲ. ಆದುದರಿಂದ ಮೊದಲಿನಿಂದಲೇ ಆರಂಭಿಸುತ್ತೇನೆ. ಓದುಗರು ತಾಳ್ಮೆ ವಹಿಸಬೇಕು.

ಜಂಗೀಪುರದ ಒಂದು ಕರಾರು

ಬೆರಳ ತುದಿಯ ಗೆರೆಗಳನ್ನು ಮನುಷ್ಯನು ಬಹು ಹಿಂದೆಯೇ ಗಮನಿಸಿದ್ದನು. 1684ರಲ್ಲಿ ಇಂಗ್ಲೆಂಡಿನ ನೆಹೆಮಿಯಾ ಗ್ರೂ ಅವುಗಳ ಚಿತ್ರ ಬರೆದು ಪ್ರಕಟಿಸಿದನು. 1823ರಲ್ಲಿ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿಯು ಅವುಗಳನ್ನು ಒಂಬತ್ತು ಬಗೆಗಳಾಗಿ ವಿಂಗಡಿಸಿದನು. ಆದರೆ ಈ ಗೆರೆಗಳಿಂದ ಮನುಷ್ಯನನ್ನು ಗುರುತಿಸಬಹುದೆಂಬ ಯೋಚನೆ ಆಡಳಿತದ ಬಳಕೆಗೆ ಬಂದದ್ದು ನಮ್ಮ ದೇಶದಲ್ಲಿ.

1858ರ ಜುಲೈ ತಿಂಗಳು. ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಜೇಮ್ಸ್ ಹರ್ಷೆಲ್ ಎಂಬ ಯುವಕ ಅಧಿಕಾರಿಯಾಗಿದ್ದನು. ಈತನು ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ರಸ್ತೆಗೆ ಹಾಸುವ ಕಲ್ಲಿನ ಪೂರೈಕೆಗಾಗಿ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನೊಡನೆ ಕರಾರು ಆಗಬೇಕಾಗಿತ್ತು. ಕೊನಾಯ್ ತನ್ನ ಕೈಯಾರೆ ಬಂಗಾಳಿಯಲ್ಲಿ ಕರಾರುಪತ್ರ ಬರೆದು ಇನ್ನೇನು ರುಜು ಹಾಕಬೇಕು, ಅಷ್ಟರಲ್ಲಿ ಹರ್ಷೆಲ್ ಅವನನ್ನು ತಡೆದನು. ಕಚೇರಿಯ ಮುದ್ರೆಗೆ ಬಳಸುತ್ತಿದ್ದ ಎಣ್ಣೆಮಸಿಯನ್ನು ಅವನ ಅಂಗೈಗೆ ಹಚ್ಚಿ ಕಾಗದದ ಹಿಂಬದಿಗೆ ಒತ್ತಿಸಿಕೊಂಡನು. ಮುಂದೆ ಅವನು “ಇದು ನನ್ನ ರುಜುವಲ್ಲ” ಎಂದು ನುಣುಚಿಕೊಳ್ಳದಂತೆ ಹೆದರಿಸುವುದೇ ತನ್ನ ಉದ್ದೇಶವಾಗಿತ್ತೆಂದು ಹರ್ಷೆಲನೇ ಬರೆದಿದ್ದಾನೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಚರಿತ್ರೆಯ ಈ ಪ್ರಸಿದ್ಧ ಕೈಗುರುತನ್ನು ಒತ್ತಿದವನು ನಿರಕ್ಷರಿಯಲ್ಲ. ಕರಾರನ್ನು ಬರೆದವನೇ ಅವನು. ಅವನಿಗೆ ಅಕ್ಷರ ಬರುತ್ತಿತ್ತು. ಅವನ ಅಕ್ಷರವನ್ನು ನಂಬುವವರು ಇರಲಿಲ್ಲ. ಹೆಬ್ಬೆಟ್ಟು ಮೊದಲು ಹುಟ್ಟಿದ್ದು ಅವಿದ್ಯೆಯಿಂದಲ್ಲ, ಅವಿಶ್ವಾಸದಿಂದ.

ಹರ್ಷೆಲ್ ಮುಂದೆ 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟನಾದಾಗ ಪಿಂಚಣಿದಾರರಿಂದಲೂ ದಸ್ತಾವೇಜು ನೋಂದಾಯಿಸುವವರಿಂದಲೂ ಬೆರಳಚ್ಚು ತೆಗೆಸಿದನು. ತನ್ನ ಬೆರಳಚ್ಚುಗಳನ್ನೂ ದಶಕಗಳ ಕಾಲ ತೆಗೆದು ಹೋಲಿಸಿ ನೋಡಿದನು. ಗೆರೆಗಳು ಬದಲಾಗಿರಲಿಲ್ಲ. ಅತ್ತ ಜಪಾನಿನ ಟೋಕಿಯೋದಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಹೆನ್ರಿ ಫೌಲ್ಡ್ಸ್, ಬೆರಳಚ್ಚಿನಿಂದ ಅಪರಾಧಿಗಳನ್ನು ಹಿಡಿಯಬಹುದೆಂದು 1880ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಗೆ ಬರೆದನು. ಮರುತಿಂಗಳೇ ಹರ್ಷೆಲನ ಪತ್ರವೂ ಅಲ್ಲಿ ಅಚ್ಚಾಯಿತು.

ಶಂಖ, ಚಕ್ರ ಮತ್ತು 1024

ಚಿಕ್ಕಂದಿನಲ್ಲಿ ನಾವೆಲ್ಲರೂ ಬೆರಳ ತುದಿ ನೋಡಿಕೊಂಡು “ನಿನಗೆಷ್ಟು ಶಂಖ? ನಿನಗೆಷ್ಟು ಚಕ್ರ?” ಎಂದು ಎಣಿಸಿದವರೇ. ಕೋಲ್ಕತ್ತದ ಪೊಲೀಸ್ ಕಚೇರಿಯಲ್ಲಿಯೂ ಸುಮಾರಾಗಿ ಇದೇ ಎಣಿಕೆ ನಡೆಯಿತೆಂದರೆ ಆಶ್ಚರ್ಯವಾದೀತು.

ಅಲ್ಲಿನ ತೊಡಕು ಹೀಗಿತ್ತು. ಸಾವಿರಾರು ಜನರ ಬೆರಳಚ್ಚಿನ ಹಾಳೆಗಳಿವೆ. ಹೊಸದಾಗಿ ಸಿಕ್ಕವನ ಹಾಳೆ ಅವುಗಳಲ್ಲಿ ಇದೆಯೇ ಎಂದು ನೋಡಬೇಕು. ಒಂದೊಂದಾಗಿ ಹುಡುಕುತ್ತ ಹೋದರೆ ವರ್ಷ ಸಾಲದು. ಬಂಗಾಳದ ಪೊಲೀಸ್ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಕೆಲಸ ಮಾಡುತ್ತಿದ್ದರು. ಹಕ್ ಅವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಓದಿದವರು. ಅವರು ರೂಪಿಸಿದ ಉಪಾಯ ನನ್ನಂಥ ಗಣಿತದ ಮೇಷ್ಟರಿಗೆ ಹಬ್ಬದೂಟ.

ಪ್ರತಿ ಬೆರಳಿನಲ್ಲಿಯೂ ಒಂದೇ ಪ್ರಶ್ನೆ ಕೇಳಿ: ಚಕ್ರ ಇದೆಯೋ, ಇಲ್ಲವೋ? ಉತ್ತರ ಎರಡೇ. ಹತ್ತು ಬೆರಳುಗಳಿಗೆ 2ನ್ನು ಹತ್ತು ಸಲ ಗುಣಿಸಿದರೆ 1024. ಹತ್ತು ಬೆರಳುಗಳನ್ನು ಐದು ಜೋಡಿಗಳಾಗಿ ಮಾಡಿ, ಜೋಡಿಗಳಿಗೆ ಕ್ರಮವಾಗಿ 16, 8, 4, 2, 1 ಎಂದು ಬೆಲೆ ಕೊಡಲಾಯಿತು. ಚಕ್ರವಿರುವ ಬೆರಳಿಗೆ ಮಾತ್ರ ಅಂಕ. ಜೋಡಿಯ ಒಂದು ಬೆರಳು ಅಂಶದಲ್ಲಿ, ಇನ್ನೊಂದು ಛೇದದಲ್ಲಿ. ಎರಡು ಮೊತ್ತಗಳಿಗೂ 1 ಕೂಡಿಸಿದರೆ 1ರಿಂದ 32ರೊಳಗಿನ ಎರಡು ಸಂಖ್ಯೆಗಳು ದೊರೆಯುತ್ತವೆ. 32 ಸಾಲು, 32 ಕಂಬಸಾಲುಗಳ ಕಪಾಟಿನ ಯಾವ ಗೂಡಿನಲ್ಲಿ ಹುಡುಕಬೇಕೆಂಬುದು ಗೊತ್ತಾಯಿತು. ಕಂಪ್ಯೂಟರಿನ ಸೊನ್ನೆ–ಒಂದರ ಲೆಕ್ಕವನ್ನು ಕಂಪ್ಯೂಟರ್ ಹುಟ್ಟುವ ಎಷ್ಟೋ ವರ್ಷ ಮೊದಲು ಮರದ ಗೂಡುಗಳಲ್ಲಿ ನಡೆಸಿದ ಹಾಗಾಯಿತು.

1897ರಲ್ಲಿ ಕೋಲ್ಕತ್ತದಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ತೆರೆಯಿತು. 1901ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಅದೇ ಮಾರ್ಗ ಹಿಡಿಯಿತು. ಪದ್ಧತಿಗೆ ‘ಹೆನ್ರಿ ಪದ್ಧತಿ’ ಎಂಬ ಹೆಸರು ನಿಂತಿತು. ಹಕ್ ಅವರಿಗೆ ಖಾನ್ ಬಹಾದೂರ್, ಬೋಸ್ ಅವರಿಗೆ ರಾಯ್ ಬಹಾದೂರ್ ಬಿರುದುಗಳು ಬಂದವು. ಬಹಳ ವರ್ಷಗಳ ಬಳಿಕ ಹೆನ್ರಿಯೂ ಹಕ್ ಅವರ ಪಾಲನ್ನು ಒಪ್ಪಿಕೊಂಡನು. ಪಠ್ಯಪುಸ್ತಕಗಳಲ್ಲಿ ಮಾತ್ರ ಹೆನ್ರಿಯ ಹೆಸರೊಂದೇ ಉಳಿಯಿತು.

ಇಷ್ಟರಲ್ಲಿ ಪ್ರಶ್ನೆಯೇ ಬದಲಾಗಿತ್ತೆಂಬುದನ್ನು ನೀವು ಗಮನಿಸಿರಬಹುದು. ಕೊನಾಯನ ಕೈ ನೋಡಿ ಹರ್ಷೆಲ್ ಕೇಳಬೇಕಾಗಿದ್ದುದು “ನೀನು ಅವನೇ ತಾನೆ?” ಎಂದು. ಕೋಲ್ಕತ್ತದ ಕಪಾಟು ಕೇಳುತ್ತಿದ್ದುದು “ನೀನು ಯಾರು?” ಎಂದು. ಮೊದಲನೆಯದಕ್ಕೆ ಒಂದು ಗುರುತನ್ನು ಇನ್ನೊಂದಕ್ಕೆ ಹೋಲಿಸಿದರೆ ಸಾಕು. ಎರಡನೆಯದಕ್ಕೆ ಎಲ್ಲರ ಗುರುತೂ ಒಂದೆಡೆ ಕೂಡಿರಬೇಕು. ಮುಂದೆ ನಡೆದ ಜಗಳಗಳೆಲ್ಲ ಈ ಎರಡನೆಯ ಪ್ರಶ್ನೆಯ ಸುತ್ತ ಹುಟ್ಟಿದವು.

ಮೊದಲ ಜಗಳ ದಕ್ಷಿಣ ಆಫ್ರಿಕದಲ್ಲಿ ನಡೆಯಿತು. 1906ರಲ್ಲಿ ಟ್ರಾನ್ಸ್‌ವಾಲ್ ಸರಕಾರವು ಏಷ್ಯದವರೆಲ್ಲರೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಾನೂನು ತರಲು ಹೊರಟಿತು. ಗಾಂಧೀಜಿಯವರು ಹೆನ್ರಿಯ ಪುಸ್ತಕವನ್ನೇ ತರಿಸಿ ಓದಿದರು; ಬೆರಳಚ್ಚನ್ನು ಕಾನೂನಿನ ಬಲದಿಂದ ಪಡೆಯುವುದು ಅಪರಾಧಿಗಳಿಂದ ಮಾತ್ರ ಎಂಬುದನ್ನು ಅದರಿಂದ ತಿಳಿದುಕೊಂಡರು. 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ಜನ ಸೇರಿ ಈ ಕಾನೂನಿಗೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಸತ್ಯಾಗ್ರಹ ಹುಟ್ಟಿದ್ದು ಅಂದು. 1908ರಲ್ಲಿ ರಾಜಿಯಾದಾಗ, ಬಲವಂತವಿಲ್ಲದಿದ್ದರೆ ಸ್ವ‌ಇಚ್ಛೆಯಿಂದ ಬೆರಳಚ್ಚು ಕೊಡಬಹುದೆಂದು ಗಾಂಧೀಜಿ ಹೊರಟರು. ಆಗ ತಮ್ಮವನೇ ಆದ ಮೀರ್ ಆಲಂ ಅವರ ಮೇಲೆ ಕೈಮಾಡಿದನು. ಗುರುತು ಅದೇ. ತಾನಾಗಿ ಕೊಡುವುದಕ್ಕೂ ಕಿತ್ತುಕೊಳ್ಳುವುದಕ್ಕೂ ಇರುವ ಅಂತರವನ್ನು ಎಲ್ಲರಿಗೂ ತಿಳಿಸಿಹೇಳುವುದು ಗಾಂಧೀಜಿಯವರಿಗೂ ಸುಲಭವಾಗಲಿಲ್ಲ.

ಮಸಿ ಹೋಗಿ ವಿದ್ಯುತ್ತು ಬಂದುದು

ಇನ್ನು ಫೋನಿಗೆ ಬರೋಣ. ಬೆರಳ ತುದಿಯ ಚರ್ಮವನ್ನು ಉತ್ತ ಹೊಲವೆಂದು ಭಾವಿಸಿ. ದಿಣ್ಣೆಗಳಿವೆ, ದಿಣ್ಣೆಗಳ ನಡುವೆ ತಗ್ಗುಗಳಿವೆ. ಒಂದು ದಿಣ್ಣೆಯಿಂದ ಮುಂದಿನ ದಿಣ್ಣೆಗೆ ಸುಮಾರು ಅರ್ಧ ಮಿಲಿಮೀಟರು. ಈ ಹೊಲದ ಕೆಳಗೆ ಅತಿ ಸಣ್ಣ ಲೋಹದ ತಟ್ಟೆಗಳನ್ನು ಸಾಲಾಗಿ ಜೋಡಿಸಿದರೆ, ಪ್ರತಿ ತಟ್ಟೆಯೂ ಅದರ ಮೇಲಿನ ಚರ್ಮವೂ ಸೇರಿ ಒಂದೊಂದು ಕೆಪಾಸಿಟರ್ ಆಗುತ್ತದೆ. ದಿಣ್ಣೆ ತಟ್ಟೆಗೆ ಹತ್ತಿರ, ತಗ್ಗು ದೂರ. ಹತ್ತಿರವಿದ್ದಲ್ಲಿ ವಿದ್ಯುದಂಶ ಹೆಚ್ಚು ಹಿಡಿಯುತ್ತದೆ, ದೂರವಿದ್ದಲ್ಲಿ ಕಡಿಮೆ. ಆ ಹೆಚ್ಚು ಕಡಿಮೆಗಳನ್ನು ಅಳೆದರೆ ಮಸಿಯಿಲ್ಲದೆ ಚಿತ್ರ ಮೂಡುತ್ತದೆ. ಚಿತ್ರ ಎಷ್ಟು ನಯವಾಗಿರಬೇಕು? ಅಮೆರಿಕದ ಎಫ್‌ಬಿಐ ಒಪ್ಪುವ ರೂಢಿಯ ಅಳತೆ ಅಂಗುಲಕ್ಕೆ 500 ಚುಕ್ಕೆ.

2003ರಲ್ಲಿ ಜಪಾನಿನ ಫುಜಿತ್ಸು, 2011ರಲ್ಲಿ ಮೊಟೊರೋಲ ಇಂತಹ ಸೆನ್ಸರುಳ್ಳ ಫೋನುಗಳನ್ನು ಹೊರತಂದವು. ಅಮೆರಿಕದ ಆಥೆನ್‌ಟೆಕ್ ಎಂಬ ಸೆನ್ಸರ್ ಕಂಪನಿಯನ್ನು ಆ್ಯಪಲ್ 2012ರಲ್ಲಿ ಕೊಂಡುಕೊಂಡಿತು. 2013ರ ಸೆಪ್ಟೆಂಬರಿನಲ್ಲಿ ಐಫೋನ್ 5ಎಸ್ ಬಂದಿತು. ಅದರ ಗುಂಡಿಯ ಮೇಲೆ ನೀಲಮಣಿಯ ಹರಳಿನ ಹೊದಿಕೆ, ಕೆಳಗೆ 170 ಮೈಕ್ರಾನ್ ದಪ್ಪದ ಸೆನ್ಸರ್. ಬೆರಳಚ್ಚಿನ ಚಿತ್ರವನ್ನು ಇಡದೆ, ಅದರಿಂದ ತೆಗೆದ ಗಣಿತರೂಪದ ಸಾರವನ್ನು ಮಾತ್ರ ಫೋನಿನೊಳಗಿನ ಬೇರೆಯೇ ಭದ್ರ ಭಾಗದಲ್ಲಿ ಇಡುವ ಏರ್ಪಾಡು. ಅಂದರೆ ಹರ್ಷೆಲನ ಹಳೆಯ ಪ್ರಶ್ನೆಗೆ, “ನೀನು ಅವನೇ ತಾನೆ?” ಎಂಬುದಕ್ಕೆ, ಯಂತ್ರ ಮರಳಿತು.

ಹಾಗೆಂದು ಮೋಸ ನಿಂತಿತೆ? 2002ರಲ್ಲಿಯೇ ಜಪಾನಿನ ಯೊಕೊಹಾಮದ ಪ್ರಾಧ್ಯಾಪಕ ಮತ್ಸುಮೊತೊ ಅವರು ಮಿಠಾಯಿಗೆ ಬಳಸುವ ಜಿಲೆಟಿನ್‌ನಿಂದ ಬೆರಳು ಮಾಡಿ ಆಗಿನ ಯಂತ್ರಗಳನ್ನು ಮೋಸಗೊಳಿಸಿ ತೋರಿಸಿದ್ದರು. 5ಎಸ್ ಬಂದ ಕೆಲವೇ ದಿನಗಳಲ್ಲಿ ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನವರು ಗಾಜಿನ ಮೇಲಿನ ಗುರುತಿನಿಂದ ನಕಲಿ ಬೆರಳಚ್ಚು ಮಾಡಿ ಅದನ್ನೂ ತೆರೆದರು.

ಗಾಜಿನ ಕೆಳಗಿನ ಕಣ್ಣು

2017ರ ಹೊತ್ತಿಗೆ ಫೋನಿನ ಮುಖವೆಲ್ಲ ಪರದೆಯೇ ಆಗಬೇಕೆಂಬ ಹಂಬಲ ಬಂದು ಗುಂಡಿಗೆ ಜಾಗವಿಲ್ಲದಂತಾಯಿತು. ಕೆಲವರು ಸೆನ್ಸರನ್ನು ಬೆನ್ನಿಗೆ ಸಾಗಿಸಿದರು, ಕೆಲವರು ಪಕ್ಕದ ಗುಂಡಿಯಲ್ಲಿಟ್ಟರು. ಆ್ಯಪಲ್ ಮುಖ ಗುರುತಿಸುವ ದಾರಿ ಹಿಡಿಯಿತು. ಪರದೆಯ ಕೆಳಗೇ ಇಡಬಾರದೇಕೆ ಎಂದು ಇನ್ನು ಕೆಲವರು ಯೋಚಿಸಿದರು.

ಆದರೆ ವಿದ್ಯುತ್ತಿನ ಆ ಹಳೆಯ ವಿಧಾನ ಅಲ್ಲಿ ನಡೆಯದು. ಶಾಸನದ ಕಲ್ಲಿನ ಮೇಲೆ ದಪ್ಪ ಕಂಬಳಿ ಹೊದಿಸಿ, ಮೇಲಿನಿಂದ ಕೈಯಾಡಿಸಿ ಅಕ್ಷರ ಓದಲು ಸಾಧ್ಯವೆ? ಗಾಜಿನ ದಪ್ಪವು ಎರಡು ದಿಣ್ಣೆಗಳ ನಡುವಿನ ದೂರದಷ್ಟಾದರೆ ದಿಣ್ಣೆ, ತಗ್ಗುಗಳ ವ್ಯತ್ಯಾಸ ಕಲಸಿಹೋಗುತ್ತದೆ.

ಆದುದರಿಂದ ಎರಡು ಬೇರೆ ದಾರಿಗಳು ಹುಟ್ಟಿದವು. ಮೊದಲನೆಯದು ಬೆಳಕು. ಓಎಲ್‌ಇಡಿ ಪರದೆಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ. ಬೆರಳಿಟ್ಟ ಜಾಗ ಪ್ರಕಾಶಮಾನವಾಗುತ್ತದೆ. ಆ ಬೆಳಕು ಬೆರಳಿಗೆ ತಗುಲಿ ಹಿಂದಿರುಗಿ, ಚುಕ್ಕೆಗಳ ನಡುವಿನ ಸಂದುಗಳಿಂದ ಕೆಳಗಿಳಿದು, ಅಲ್ಲಿ ಅಡಗಿರುವ ಪುಟ್ಟ ಕ್ಯಾಮೆರಾವನ್ನು ಸೇರುತ್ತದೆ. 2018ರ ಜನವರಿಯಲ್ಲಿ ಚೀನಾದ ವಿವೋ ಕಂಪನಿ ಸಿನಾಪ್ಟಿಕ್ಸ್ ತಯಾರಿಸಿದ ಇಂತಹ ಸೆನ್ಸರುಳ್ಳ ಫೋನನ್ನು ಹೊರತಂದಿತು. ಹಿಂದಿನಿಂದ ದೀಪ ಹಾಯಿಸುವ ಎಲ್‌ಸಿಡಿ ಪರದೆಗಳಲ್ಲಿ ಕೆಳಗಿನ ಪದರಗಳು ಬೆಳಕನ್ನು ತಡೆಯುವುದರಿಂದ ಇದು ಸುಲಭವಲ್ಲ.

ಎರಡನೆಯದು ಶಬ್ದ. ಬಾವಲಿಯು ಕತ್ತಲಲ್ಲಿ ದಾರಿ ಕಾಣುವ ಹಾಗೆ, ನಮಗೆ ಕೇಳಿಸದ ಶಬ್ದದ ಅಲೆಗಳನ್ನು ಗಾಜಿನ ಮೂಲಕ ಮೇಲಕ್ಕೆ ಕಳುಹಿಸಲಾಗುತ್ತದೆ. ತಗ್ಗಿನಲ್ಲಿ ಗಾಳಿಯಿದೆ, ಅಲೆ ಬಹುಮಟ್ಟಿಗೆ ಹಿಂದಿರುಗುತ್ತದೆ. ದಿಣ್ಣೆಯಲ್ಲಿ ಚರ್ಮ ತಾಗಿದೆ. ಒಂದು ಪಾಲು ಒಳಕ್ಕೆ ಹೋಗುತ್ತದೆ. ಕ್ವಾಲ್‌ಕಾಮ್ ಮಾಡಿದ ಈ ಸೆನ್ಸರ್ 2019ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್10ರಲ್ಲಿ ಬಂದಿತು. ಅದೇ ವರ್ಷ ಅಕ್ಟೋಬರಿನಲ್ಲಿ ಬ್ರಿಟನ್ನಿನ ಮಹಿಳೆಯೊಬ್ಬರು ಅಗ್ಗದ ಹೊದಿಕೆಯೊಂದನ್ನು ಪರದೆಗೆ ಹಾಕಿದಾಗ ಯಾರ ಬೆರಳಿಗಾದರೂ ಫೋನು ತೆರೆಯತೊಡಗಿತು. ಕೆಲವು ಹೊದಿಕೆಗಳ ಮೇಲಿನ ವಿನ್ಯಾಸವನ್ನೇ ಯಂತ್ರ ಬೆರಳಿನ ಗೆರೆಯೆಂದು ತಿಳಿದುಕೊಂಡಿತ್ತು. ಕಂಪನಿ ತಂತ್ರಾಂಶ ತಿದ್ದಿತು.

ಪಾರದರ್ಶಕ ಜಾಲ

ಮೂರನೆಯ ದಾರಿಯೂ ಇದೆ. ಸೆನ್ಸರನ್ನೇ ಪಾರದರ್ಶಕವಾಗಿ ಮಾಡಿ ಪರದೆಯ ಮೇಲ್ಭಾಗದಲ್ಲಿ ಹಾಸಿಬಿಡುವುದು! ಆಗ ಬೆರಳಿಡಲು ಇಂಥದೇ ಜಾಗವೆಂಬ ಕಟ್ಟಳೆ ಇರದು. ಹೇಳಲು ಸುಲಭವಾದ ಇದನ್ನು ಮಾಡುವುದು ಎಷ್ಟು ಕಷ್ಟವೆಂದು ಲೆಕ್ಕ ಹಾಕಿ ನೋಡೋಣ.

ಸ್ಪರ್ಶಪರದೆಯಲ್ಲಿ ಈಗಾಗಲೇ ಪಾರದರ್ಶಕ ತಂತುಗಳ ಜಾಲವಿದೆ. ಇಂಡಿಯಂ ಟಿನ್ ಆಕ್ಸೈಡ್ ಎಂಬ ವಸ್ತುವಿನಿಂದ ಅದನ್ನು ಮಾಡುತ್ತಾರೆ. ಬೆರಳು ಎಲ್ಲಿದೆಯೆಂದು ತಿಳಿಯಲು ಸುಮಾರು 4 ಮಿಲಿಮೀಟರಿಗೊಂದು ತಂತು ಸಾಕು. ಗೆರೆಗಳನ್ನು ಓದಲು 0.08 ಮಿಲಿಮೀಟರಿಗೊಂದು ತಂತು ಬೇಕೆಂದುಕೊಳ್ಳಿ. 4ನ್ನು 0.08ರಿಂದ ಭಾಗಿಸಿದರೆ 50. ಉದ್ದಕ್ಕೂ ಅಡ್ಡಕ್ಕೂ ಐವತ್ತು ಪಟ್ಟು. ಎಂದರೆ ಅಷ್ಟೇ ಜಾಗದಲ್ಲಿ 2500 ಪಟ್ಟು ಸಂಧಿಗಳು. ಪ್ರತಿ ಸಂಧಿಯೂ ಅಷ್ಟಷ್ಟು ಚಿಕ್ಕದು, ಅದರಲ್ಲಿ ಹಿಡಿಯುವ ವಿದ್ಯುದಂಶವೂ ಅಷ್ಟಷ್ಟು ಅಲ್ಪ. ತಂತು ಸಣ್ಣದಾದಷ್ಟೂ ವಿದ್ಯುತ್ತಿಗೆ ರೋಧ ಹೆಚ್ಚು. ರೋಧ ಇಳಿಸಲು ಪದರವನ್ನು ದಪ್ಪ ಮಾಡಿದರೆ ಪಾರದರ್ಶಕತೆ ಹೋಗುತ್ತದೆ. ಜೊತೆಗೆ ಈ ಆಕ್ಸೈಡು ಬಾಗಿಸಿದರೆ ಬಿರುಕು ಬಿಡುವ ವಸ್ತು. ಬೆಳ್ಳಿಯ ತಂತಿಗಳನ್ನು ಚೌಕಳಿಯಾಗಿ ಹೆಣೆಯೋಣವೆಂದರೆ ಬೇರೊಂದು ಪೀಡೆ. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದಾಗ ಇಲ್ಲದ ಅಲೆಅಲೆ ಪಟ್ಟೆಗಳು ಕಾಣುವುದನ್ನು ನೋಡಿದ್ದೀರಲ್ಲವೆ? ಪರದೆಯ ಚುಕ್ಕೆಸಾಲಿನ ಮೇಲೆ ತಂತಿಯ ಚೌಕಳಿ ಕೂತಾಗಲೂ ಅದೇ ಆಗುತ್ತದೆ.

ದಕ್ಷಿಣ ಕೊರಿಯದ ಉಲ್ಸಾನ್ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಜಾಂಗ್-ಉಂಗ್ ಪಾರ್ಕ್ ಅವರ ತಂಡವು ಇದಕ್ಕೆ ಸೊಗಸಾದ ಪರಿಹಾರವನ್ನು 2018ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಅವರು ಬೆಳ್ಳಿಯ ಎಳೆಗಳನ್ನು ಚೌಕಳಿಯಾಗಿ ಜೋಡಿಸದೆ, ಹುಲ್ಲು ಚೆಲ್ಲಿದಂತೆ ಅಡ್ಡಾದಿಡ್ಡಿಯಾಗಿ ಹರಡಿದರು. ಕ್ರಮವೇ ಇಲ್ಲದಿರುವಲ್ಲಿ ಪಟ್ಟೆಗಳು ಮೂಡುವ ಭಯವಿಲ್ಲ. ಎಳೆಗಳಲ್ಲಿ ಎರಡು ಬಗೆ: ಬಹಳ ಉದ್ದದ ತಂತುಗಳು, ಅವುಗಳ ನಡುವೆ ಸೂಕ್ಷ್ಮವಾದ ಗಿಡ್ಡ ತಂತಿಗಳು. ಉದ್ದದವು ಹೆದ್ದಾರಿಗಳಂತೆ ವಿದ್ಯುತ್ತನ್ನು ಸರಾಗವಾಗಿ ಸಾಗಿಸುತ್ತವೆ. ಗಿಡ್ಡವು ಓಣಿಗಳಂತೆ ಖಾಲಿ ಜಾಗಗಳನ್ನು ತುಂಬುತ್ತವೆ. ಈ ಜಾಲದ ಮೂಲಕ ಸುಮಾರು ಶೇಕಡ 89ರಷ್ಟು ಬೆಳಕು ಹಾಯುತ್ತದೆ. ಅಂಗುಲಕ್ಕೆ 318 ಕೆಪಾಸಿಟರುಗಳು. ಅದೇ ಗಾತ್ರದ ಇಂಡಿಯಂ ಟಿನ್ ಆಕ್ಸೈಡಿನ ಸೆನ್ಸರಿಗಿಂತ ಸಂಕೇತ ಸುಮಾರು 17 ಪಟ್ಟು ಹೆಚ್ಚು. ಇದರ ಜೊತೆಗೆ ಬೆರಳಿನ ಒತ್ತಡವನ್ನೂ ಚರ್ಮದ ಬಿಸಿಯನ್ನೂ ಅರಿಯುವ ಪಾರದರ್ಶಕ ಸೆನ್ಸರುಗಳನ್ನು ಅದರಲ್ಲಿಯೇ ಸೇರಿಸಿದರು. ಜಿಲೆಟಿನ್ ಬೆರಳಿಗೆ ಗೆರೆ ಇರಬಹುದು, ಮೈಬಿಸಿ ಎಲ್ಲಿಂದ ಬರಬೇಕು? ಮತ್ಸುಮೊತೊ ಅವರ ಮಿಠಾಯಿ ಬೆರಳಿಗೆ ಹದಿನಾರು ವರ್ಷಗಳ ಬಳಿಕ ದೊರೆತ ಉತ್ತರಗಳಲ್ಲಿ ಇದೂ ಒಂದು.

ಪ್ರಶ್ನೆ ಕೇಳಿದ ಶಿಷ್ಯರಿಗೆ ಇಲ್ಲಿ ಉತ್ತರ ದೊರೆತಿರಬೇಕು. ಅವರ ಪರದೆಯ ಕೆಳಗೆ ಅಡಗಿರುವ ಕಣ್ಣು ಬೆಳಕಿನದು ಇಲ್ಲವೆ ಶಬ್ದದ್ದು. ಪಾರದರ್ಶಕ ಬೆಳ್ಳಿಜಾಲ ಪ್ರಯೋಗಶಾಲೆಯಲ್ಲಿ ತನ್ನ ಶಕ್ತಿಯನ್ನು ತೋರಿಸಿದೆ.

ಸವೆದ ಬೆರಳುಗಳು

ಇಷ್ಟೆಲ್ಲ ಬರೆದ ಮೇಲೆ ನನ್ನ ಮನಸ್ಸನ್ನು ಕೊರೆಯುವ ಒಂದು ಮಾತನ್ನು ಹೇಳದೆ ಮುಗಿಸಲಾರೆ.

ಯಾವ ಸೆನ್ಸರಿಗೂ ಒಂದು ಇಕ್ಕಟ್ಟು ಇದ್ದೇ ಇದೆ. ಹೋಲಿಕೆಯನ್ನು ಬಿಗಿ ಮಾಡಿದರೆ ಕಳ್ಳನೂ ಒಳಬರಲಾರ, ಯಜಮಾನನೂ ಹೊರಗುಳಿದಾನು. ಸಡಿಲಿಸಿದರೆ ಯಜಮಾನನ ಹಿಂದೆ ಕಳ್ಳನೂ ಬಂದಾನು. ಬಿಗಿ ಎಷ್ಟಿರಬೇಕೆಂದು ನಿರ್ಧರಿಸುವುದು ಯಂತ್ರವಲ್ಲ, ಅದನ್ನು ರೂಪಿಸಿದ ಮನುಷ್ಯ. ಫೋನು ತೆರೆಯದಿದ್ದರೆ ನಾವು ಅಂಕಿಗಳನ್ನು ಒತ್ತಿ ತೆರೆಯುತ್ತೇವೆ. ನಷ್ಟವೇನೂ ಇಲ್ಲ. ಆದರೆ ಪಡಿತರದ ಅಂಗಡಿಯಲ್ಲಿ?

2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ತೆಂಭಲಿ ಗ್ರಾಮದಲ್ಲಿ ಆಧಾರ್ ವಿತರಣೆ ಆರಂಭವಾಯಿತು. ಅದರ ಮೊದಲ ಅಧ್ಯಕ್ಷರು ನಮ್ಮ ಬೆಂಗಳೂರಿನ ನಂದನ್ ನಿಲೇಕಣಿಯವರು. ಅದನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ವಾದದ ಎರಡು ಬದಿಗೂ ಕನ್ನಡ ನಾಡಿನವರೇ ಇದ್ದರೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು. ಆ ಮೊಕದ್ದಮೆಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದರು. 2018ರ ಸೆಪ್ಟೆಂಬರ್ 26ರಂದು ನ್ಯಾಯಾಲಯವು ಆಧಾರ್ ಕಾನೂನನ್ನು ಕೆಲವು ಮಿತಿಗಳೊಂದಿಗೆ ಎತ್ತಿಹಿಡಿಯಿತು. ಗುರುತು ಹೊಂದಲಿಲ್ಲವೆಂಬ ಕಾರಣಕ್ಕೆ ಅರ್ಹರು ಸೌಲಭ್ಯದಿಂದ ವಂಚಿತರಾಗಬಾರದೆಂದೂ ಹೇಳಿತು.

ಈ ಕೊನೆಯ ಮಾತು ಮುಖ್ಯವಾದುದು. ಬೆರಳಿನ ಗೆರೆ ಜೀವನಪರ್ಯಂತ ಬದಲಾಗದೆಂದು ಹರ್ಷೆಲ್ ಕಂಡದ್ದು ನಿಜ. ಆದರೆ ದಶಕಗಳ ಕಾಲ ಅವನು ತೆಗೆದು ಹೋಲಿಸಿದ ಅವನ ಸ್ವಂತ ಬೆರಳುಗಳು ಲೇಖನಿ ಹಿಡಿದಂಥವು. ಬೀಡಿ ಕಟ್ಟುವ, ಕಲ್ಲು ಒಡೆಯುವ, ಪಾತ್ರೆ ತಿಕ್ಕುವ ಬೆರಳುಗಳಲ್ಲಿ ಗೆರೆ ಸವೆದುಹೋಗುತ್ತದೆ. ಮುಪ್ಪಿನಲ್ಲಿ ಚರ್ಮ ಒಣಗಿ ಮಂಕಾಗುತ್ತದೆ. ನಮ್ಮ ಪರಿಚಯದ ವೃದ್ಧೆಯೊಬ್ಬರು ಪಡಿತರದ ಯಂತ್ರದ ಮುಂದೆ ಹತ್ತೂ ಬೆರಳುಗಳನ್ನು ಒಂದಾದ ಮೇಲೊಂದರಂತೆ ಸೆರಗಿಗೆ ಒರೆಸಿ ಒರೆಸಿ ಇಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಸಾಕ್ಷರತೆಯ ತರಗತಿಯಲ್ಲಿ ಹೆಸರು ಬರೆಯಲು ಕಲಿತವರೇ ಅವರು. “ರುಜು ಹಾಕಲೇ ಮೇಷ್ಟ್ರೇ?” ಎಂದು ನನ್ನ ಕಡೆ ನೋಡಿದರು. ಆ ಯಂತ್ರಕ್ಕೆ ರುಜು ಓದಲು ಬರುತ್ತಿರಲಿಲ್ಲ. ಇಡೀ ಜೀವಮಾನ ದುಡಿದದ್ದೇ ಅವರ ಗುರುತು ಅಳಿಯಲು ಕಾರಣವಾಗಿತ್ತು.

ಇನ್ನೊಂದು ಸಂಗತಿ. ಗುಪ್ತಪದ ಕಳವಾದರೆ ಬೇರೊಂದನ್ನು ಇಟ್ಟುಕೊಳ್ಳಬಹುದು. ಬೆರಳು ಹತ್ತೇ. ಕಳವಾದ ಬೆರಳಚ್ಚಿಗೆ ಬದಲಿ ಇಲ್ಲ. ಆದುದರಿಂದಲೇ ಗುರುತು ಯಾರ ಬಳಿ ಉಳಿಯುತ್ತದೆ ಎಂಬ ಪ್ರಶ್ನೆ ಗಾಜಿನ ಪಾರದರ್ಶಕತೆಗಿಂತ ದೊಡ್ಡದು. ನನ್ನ ಶಿಷ್ಯರಲ್ಲಿ ಹಲವರು ಇಂದು ಇಂತಹ ಯಂತ್ರಗಳನ್ನೂ ತಂತ್ರಾಂಶಗಳನ್ನೂ ರೂಪಿಸುವ ಕಂಪನಿಗಳಲ್ಲಿದ್ದಾರೆ. ಅವರಲ್ಲಿ ನನ್ನ ಒಂದೇ ಕೋರಿಕೆ. ನಿಮ್ಮ ಯಂತ್ರವನ್ನು ಪರೀಕ್ಷಿಸುವಾಗ ಕಚೇರಿಯ ನುಣುಪಾದ ಬೆರಳುಗಳಿಂದಷ್ಟೇ ಪರೀಕ್ಷಿಸಬೇಡಿರಿ. ಕಳೆ ಕೀಳುವವರ, ಗಾರೆ ಕಲಸುವವರ, ಎಂಬತ್ತು ದಾಟಿದವರ ಬೆರಳುಗಳನ್ನು ಮೊದಲು ಕರೆಸಿರಿ. ಯಂತ್ರ ಸೋತಾಗ ಮನುಷ್ಯನು ಸೋಲದಂತೆ ಇನ್ನೊಂದು ಬಾಗಿಲನ್ನು ಆರಂಭದಲ್ಲಿಯೇ ಇಡಿರಿ.

ಉಳಿದ ಓದುಗರಿಗೊಂದು ಮನೆಗೆಲಸ. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಕ್ರಯಪತ್ರ, ಭೋಗ್ಯಪತ್ರಗಳಿದ್ದರೆ ತೆಗೆದು ನೋಡಿರಿ. ಕೆಳಗೆ ಮಸುಕಾದ ಹೆಬ್ಬೆಟ್ಟಿನ ಗುರುತೊಂದು ಇರಬಹುದು. ಪಕ್ಕದಲ್ಲಿ ಪತ್ರ ಬರೆದವರು ಆ ವ್ಯಕ್ತಿಯ ಹೆಸರನ್ನು ಕಾಣಿಸಿರುತ್ತಾರೆ. ಅವರು ಯಾರು, ಏನು ಕೆಲಸ ಮಾಡುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಬರೆದುದನ್ನು ನನಗೂ ಕಳುಹಿಸಿದರೆ ಸಂತೋಷ.